ಸಾಣಾಪುರದ ಬಂಡೆಯ ಮೇಲೆ ಐದು ಏಟು

ಅಯ್ಯನವರಿಗೆ, ನಿಮ್ಮ ಸಿಪಾಯಿ ದಾನಪ್ಪನ ವಂದನೆಗಳು.

ಭಾನುವಾರ ನೀವು ಗಂಗಾವತಿಯ ನಮ್ಮ ಸಭೆಗೆ ಪಾಸ್ಟರು, ಉಳಿದ ದಿನ ಸಿನಿಮಾದಲ್ಲಿ ಮಚ್ಚು ಹಿಡಿಯುವ ರೌಡಿ. ಎಷ್ಟು ಜನರನ್ನು ಕಡಿದಿರಿ, ಎಷ್ಟು ಸಲ ಸತ್ತಿರಿ, ನಿಮಗಾದರೂ ನೆನಪಿತ್ತೇ? "ಕೊಲಿ ಮಾಡೋ ಕೈಲೆ ಪ್ರಭುಭೋಜನದ ರೊಟ್ಟಿ ಕೊಡ್ತೀರೇನ್ರಿ?" ಎಂದು ಸಭೆಯ ಹಿರಿಯರು ಕೇಳಿದಾಗ ನೀವು ನಕ್ಕಿರಿ. "ಯೇಸುಸ್ವಾಮಿನ್ನ ಕೊಲ್ಲಿಸಿದವ್ರು ಭಾಳ ಮರ್ಯಾದಸ್ಥರಿದ್ರು" ಅಂದಿರಿ.

ನನ್ನ ಕೆನ್ನೆಗೆ ಬಿದ್ದ ಏಟು ಮಾತ್ರ ಸಿನಿಮಾದ್ದಲ್ಲ. ನಾನು ಹೆಂಡತಿ ರೂತಳ ತಲೆಯನ್ನು ಗೋಡೆಗೆ ಜಪ್ಪಿದ ಮರುದಿನ, ಆರಾಧನೆಯ ನಡುವೆಯೇ ಪೀಠ ಇಳಿದು ಬಂದು ಹೊಡೆದಿರಿ. ಬಾಯಿ ತುಂಬ ರಕ್ತ. ಹಣೆಗೆ ಪಟ್ಟಿ ಕಟ್ಟಿಕೊಂಡ ರೂತ ಹೆಂಗಸರ ಸಾಲಿನಿಂದ ನೋಡುತ್ತಿದ್ದಳು. ನನಗೆ ನಾಚಿಕೆಯಾಗಲಿಲ್ಲ ಅಯ್ಯನವರೇ, ಸಿಟ್ಟು ಬಂತು.

ಸಾಣಾಪುರದ ಬಂಡೆಗಳ ನಡುವೆ, ಸಭೆಯವರನ್ನೇ ಹಾಕಿಕೊಂಡು ಶುಭ ಶುಕ್ರವಾರದ ಸಿನಿಮಾ ತೆಗೆದಿರಲ್ಲ. ನೀವು ಕ್ರಿಸ್ತ, ನಾನು ಚಾಟಿ ಬೀಸುವ ರೋಮನ್ ಸಿಪಾಯಿ. ಕೆಂಪು ಬಣ್ಣದಲ್ಲಿ ಅದ್ದಿದ ಹತ್ತಿಯ ಹಗ್ಗ ಕೊಟ್ಟಿದ್ದಿರಿ. ನಾನು ಅದನ್ನು ಬಂಡೆಯ ಹಿಂದೆ ಬಿಸಾಕಿ, ಮನೆಯಿಂದ ತಂದಿದ್ದ, ಎತ್ತಿಗೆ ಹೊಡೆಯುವ ಬಾರುಕೋಲು ಹಿಡಿದು ಬಂದೆ. ಐದು ಏಟು. ಎರಡನೆಯದಕ್ಕೇ ಬೆನ್ನಿನ ಚರ್ಮ ಬಿಚ್ಚಿತು, ಉಳಿದವರು ಬಣ್ಣ ಅಂದುಕೊಂಡರು. ನೀವು ಕಟ್ ಅನ್ನಬಹುದಿತ್ತು, ಯಾಕೆ ಅನ್ನಲಿಲ್ಲ? ಮುಗಿದ ಮೇಲೆ ನನ್ನ ಕೈಯನ್ನೇ ನೋಡಿ, "ಶಾಟ್ ಛಲೋ ಬಂತೇನೋ ದಾನಪ್ಪ?" ಅಂದಿರಿ. ಮತ್ತೆಂದೂ ಆ ಮಾತೆತ್ತಲಿಲ್ಲ.

ಕುಷ್ಟಗಿ ಕಡೆಯ ಹಳ್ಳಿಯಲ್ಲಿ ಪರದೆ ಕಟ್ಟಿ ತೋರಿಸಿದ ಸಂಜೆ ನೆನಪಿದೆಯೇ? ಚಾಟಿಯ ದೃಶ್ಯ ಬಂದಾಗ ಒಬ್ಬಾಕೆ ನನ್ನ ಗುರುತು ಹಿಡಿದಳು. "ಇಲ್ಲೇ ಅದಾನ ನೋಡ್ರಿ, ಹೊಡದಾಂವ." ಚರ್ಚಿನ ಮೆಟ್ಟಿಲು ಹತ್ತದ ಜನ ನಿಮಗಾಗಿ ನನ್ನನ್ನು ತುಳಿದರು. ನನ್ನ ಪಕ್ಕೆಲುಬು ಮುರಿಯಿತು. ನೀವು ಮೇಲೆ ಬಿದ್ದು ಮುಚ್ಚಿಕೊಂಡು, ಬಂದ ಕಲ್ಲನ್ನು ಕಿವಿಗೆ ತಗೊಂಡು ಕೂಗಿದಿರಿ: "ಅದು ಹತ್ತಿ ಹಗ್ಗರೀ, ಆ್ಯಕ್ಟಿಂಗ್ ಮಾಡ್ಯಾನ ಅಷ್ಟ, ಬಿಡ್ರಿ." ನೀವು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆ ಕಿವಿ ಕೊನೆಯವರೆಗೂ ಕೇಳಲಿಲ್ಲ. ನಾನೂ ಮತ್ತೆ ರೂತಳ ಮೇಲೆ ಕೈ ಎತ್ತಿಲ್ಲ.

ಹೋದ ತಿಂಗಳು, ಮಣ್ಣು ಮಾಡುವ ಮುಂಚೆ, ನಿಮ್ಮ ಮೈ ತೊಳೆಯಲು ನನ್ನನ್ನೇ ಕರೆದರು. ಹೊರಳಿಸಿದಾಗ ಬೆನ್ನ ಮೇಲೆ ಐದೂ ಬರೆ ಇದ್ದವು. "ಇವು ಎಲ್ಲೀವು?" ಅಂದರು ಹಿರಿಯರು. "ಸಿನಿಮಾದಾಗಿನವು" ಅಂದೆ. ಅದು ಸುಳ್ಳಲ್ಲ, ಆದರೂ...

ನೀವು ಕೇಳದ ಸುದ್ದಿ ಒಂದಿದೆ. ಅಂದೇ ಮನೆಗೆ ಬಂದು ರೂತಳಿಗೆ ಎಲ್ಲ ಹೇಳಿದೆ. ಅವಳು ಹಣೆಯ ಗುರುತು ಸವರಿಕೊಂಡು, "ನನಗ ಹೇಳಿದ್ರ ಏನ್ ಬಂತು? ಆ ಊರವ್ರಿಗೆ ಹೇಳು" ಅಂದಳು. ನಾಳೆ ಶುಭ ಶುಕ್ರವಾರ. ಅದೇ ಹಳ್ಳಿ, ಅದೇ ಸಿನಿಮಾ. ಶುರುವಾಗುವ ಮುಂಚೆ ಬಾರುಕೋಲು ಹಿಡಿದು ಪರದೆಯ ಮುಂದೆ ನಿಲ್ಲುತ್ತೇನೆ, "ಅವತ್ತು ಹೊಡದದ್ದು ಹಗ್ಗದಿಂದಲ್ಲ, ಇದರಿಂದ" ಎನ್ನುತ್ತೇನೆ. ಈ ಸಲ ಮೇಲೆ ಬಿದ್ದು ಮುಚ್ಚಿಕೊಳ್ಳಲು ನೀವಿಲ್ಲ. ರೂತ ತಾನೂ ಬರುತ್ತೇನೆ ಅಂದಿದ್ದಾಳೆ. ನನ್ನ ಪಕ್ಕ ನಿಲ್ಲುತ್ತಾಳೋ, ಆ ಊರವರ ಜೊತೆ ನನ್ನ ಮೇಲೆ ಏಳುತ್ತಾಳೋ, ನಾನು ಕೇಳಿಲ್ಲ.