ಅವ್ವನ ತವರು ಯಾವೂರು

ಅತ್ತಿಗೆ,

ಒಳಮನೆಯಲ್ಲಿ ಮಲಗಿರುವ ಹುಡುಗಿ ಸಿರುಗುಪ್ಪದವಳು, ಹೆಸರು ಊರಮ್ಮ. ನೀವು ನೀರಿಗೆ ಹೋದಾಗ ಸ್ಟೇಷನ್ನಿನಿಂದ ಕರೆತಂದೆ. ಎದ್ದ ಕೂಡಲೇ ರೊಟ್ಟಿ ಕೊಡಿ. ಅಣ್ಣ ಬಂದು ಜಾತಿ ವಿಚಾರಿಸಿದರೆ, ಮೊದಲು ಮಗುವಿನ ಊಟ ಮುಗಿಯಲಿ ಎನ್ನಿ.

ಇವಳ ಕೈ ಹಿಡಿದು ಗುಂತಕಲ್ಲಿನ ಗಾಡಿಗೆ ಕಾಯುತ್ತಿದ್ದವನೊಬ್ಬ ತಾನು ಇವಳ ಸೋದರಮಾವ ಎಂದ. ನಾನು ನಿಮ್ಮ ಹಾಗೆಯೇ ಕೇಳಿದೆ, "ಇವರವ್ವನ ತವರು ಯಾವೂರು?" ಅವನು ಆದವಾನಿ ಎಂದ. ಹುಡುಗಿ ಮೆಲ್ಲಗೆ, "ಅಲ್ರಿ, ಕುರುಗೋಡು" ಎಂದಳು. ಅವನು ಜನರ ನಡುವೆ ಜಾರಿಕೊಂಡ. ಪೊಲೀಸರಿಗೆ ಬರೆದುಕೊಟ್ಟಿದ್ದೇನೆ. ಈಗ ಇವಳ ತಾಯಿಯನ್ನು ಕರೆತರಲು ಸಿರುಗುಪ್ಪಕ್ಕೆ ಹೊರಟಿದ್ದೇನೆ. ಅಲ್ಲಿಯವರೆಗೆ ಮಾವನೆಂದು ಯಾರೇ ಬಂದರೂ ಅಗುಳಿ ತೆಗೆಯಬೇಡಿ.

ಸಿಕ್ಕವರನ್ನೆಲ್ಲ ತವರು ಕೇಳುತ್ತೀರೆಂದು ನಿಮ್ಮನ್ನು ಕಂಡು ನಗುತ್ತಿದ್ದೆ. ನಾಳೆಯಿಂದ ಬೆಳಗಿನ ಗಾಡಿಯ ಹೊತ್ತಿಗೆ ನನ್ನ ಜೊತೆ ಸ್ಟೇಷನ್ನಿಗೆ ಬನ್ನಿ. ನಾನು ಕೇಳಿದರೆ ಮಕ್ಕಳು ಹೆದರುತ್ತವೆ, ನಿಮಗೆ ಹೇಳುತ್ತವೆ.

ಇನ್ನೊಂದು ಮಾತು. ಇದನ್ನು ಹೇಳಲು ಈ ಊರಿನಲ್ಲಿ ನನಗೆ ಬೇರೆ ಯಾರೂ ಇಲ್ಲ. ಮಾವನೆಂದ ಆ ಮನುಷ್ಯನೇ ಹೋದ ವಾರವೂ ಒಬ್ಬ ಹುಡುಗಿಯನ್ನು ರೈಲು ಹತ್ತಿಸಿದ. ನಾನು ಎದುರಿನ ಬೆಂಚಿನಲ್ಲಿ ಯಾವುದೋ ದೇಶದ ಕಾದಂಬರಿಯ ಅನಾಥ ಮಗುವಿಗಾಗಿ ಕಣ್ಣೊರೆಸಿಕೊಳ್ಳುತ್ತ ಕೂತಿದ್ದೆ. ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಪುಟ ತಿರುಗಿಸಿದೆ.

ಅಯ್ಯಣ್ಣ