ಹಡಗು ಕಾಣುವ ದ್ವೀಪ

ಮಲಾಡ್ ಪಶ್ಚಿಮ, ಮುಂಬೈ
೧೧ ನವೆಂಬರ್ ೨೦೨೪, ಸೋಮವಾರ

ಚಿರಂಜೀವಿ ಚೇತನನಿಗೆ, ಅಪ್ಪ ಬರೆಯುವುದು.

ಹೇಗಿದ್ದೀಯಪ್ಪ? ಹೋದ ಸಲ ವಿಡಿಯೋ ಕಾಲಿನಲ್ಲಿ ನಿನ್ನ ತುಟಿ ಒಡೆದದ್ದು ಕಂಡಿತ್ತು. ತುಪ್ಪ ಹಚ್ಚಿಕೋ ಎಂದು ನಿಮ್ಮವ್ವ ಹೇಳುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಆಮೇಲೂ ಅವಳು ಖಾಲಿ ಪರದೆಗೆ ಎರಡು ಸಲ ಹೇಳಿದಳು. ಈಗ ವಾಸಿಯಾಗಿರಬೇಕು. ಎಂಜಿನ್ ರೂಮಿನ ಶಾಖದಲ್ಲಿ ನೀರು ಕುಡಿಯುವುದನ್ನು ಮರೆಯಬೇಡ. ನಾವು ಆರಾಮ ಇದ್ದೇವೆ. ನನ್ನ ಹೊಸ ಹಲ್ಲಿನ ಸೆಟ್ಟು ಮಾತ್ರ ಇನ್ನೂ ಬಾಯಿಗೆ ಒಗ್ಗಿಲ್ಲ, ಜಗಳಕ್ಕೆ ನಿಂತರೆ ನನಗಿಂತ ಮೊದಲು ಅದೇ ಮಾತಾಡುತ್ತದೆ. ಸಕ್ಕರೆ ಹತೋಟಿಯಲ್ಲಿದೆ. ಡಾಕ್ಟರು ನಡೆಯಲು ಹೇಳಿದ್ದಾರೆಂದು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಅಕ್ಸಾ ಬೀಚಿಗೆ ಹೋಗಿ ಬರುತ್ತೇನೆ. ನಿನ್ನ ತಂಗಿ ರಾಧಿಕಾ ಕಾಲೇಜು, ಕ್ಲಾಸು ಎಂದು ಓಡಾಡಿಕೊಂಡಿದ್ದಾಳೆ. ಅವಳ ಮಾತಿನಲ್ಲಿ ಕನ್ನಡವನ್ನು ಈಗ ಹುಡುಕಿ ತೆಗೆಯಬೇಕು.

ಫೋನಿರುವಾಗ ಕಾಗದವೇಕೆ ಎನ್ನುತ್ತೀಯ. ಫೋನು ಹಿಡಿದರೆ ನಿಮ್ಮವ್ವ ಪಕ್ಕದಲ್ಲೇ ಇರುತ್ತಾಳೆ, ಮೆಸೇಜು ಕಳಿಸಿದರೆ ತೆಗೆದು ಓದುತ್ತಾಳೆ. ಇದು ಅವಳಿಗೆ ತಿಳಿಯಬಾರದ ವಿಷಯ. ನಿನ್ನ ಗೆಳೆಯ ಸಚಿನ ಗುರುವಾರ ವಿಮಾನದಲ್ಲಿ ಡರ್ಬನ್ನಿಗೆ ಹೋಗಿ ನಿನ್ನ ಹಡಗನ್ನೇ ಸೇರುತ್ತಾನಲ್ಲ, ಈ ಕಾಗದ ಅವನ ಕೈಯಲ್ಲಿ ಬರುತ್ತದೆ. ಇವತ್ತು ಸಂಜೆ ಅವನು ಮಲಾಡ್ ಸ್ಟೇಷನ್ನಿನಲ್ಲಿ ಸಿಗುತ್ತೇನೆಂದಿದ್ದಾನೆ.

"ಕಾಂಟ್ರಾಕ್ಟನ್ನು ಇನ್ನೂ ನಾಲ್ಕು ತಿಂಗಳು ಮುಂದುವರಿಸಿದ್ದೇನೆ, ದೀಪಾವಳಿಗೆ ಬರಲಾಗುವುದಿಲ್ಲ, ಅದರ ಬದಲು ನೀವಿಬ್ಬರೂ ಯಾವುದಾದರೂ ದ್ವೀಪಕ್ಕೆ ಹೋಗಿ ಬನ್ನಿ, ಖರ್ಚು ನನ್ನದು" ಎಂದು ನೀನು ಬರೆದಾಗ ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಗನ ದಾರಿ ಕಾಯುತ್ತಿದ್ದವರಿಗೆ ದ್ವೀಪ ಬಂತಲ್ಲ ಎನ್ನಿಸಿತು. ನಿಮ್ಮವ್ವ ಅಳುತ್ತಾಳೆಂದು ನಾನು ಕಾದೆ. ಅವಳು ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡು, "ಆಗಲಿ, ದ್ವೀಪಾನಽ ನೋಡೂಣ ಬಿಡ್ರಿ" ಎಂದಳು. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ಇಲ್ಲೇ ಹತ್ತಿರದ ಮಾಥೇರಾನ್ ಗುಡ್ಡಕ್ಕೆ ಕರೆದರೆ ಮನೆಯಲ್ಲಿ ಹಾಲು ಕೆಡುತ್ತದೆ ಎಂದವಳು ಇವಳೇ.

ಮರುದಿನವೇ ದಾದರಿನ ಒಂದು ಟ್ರಾವೆಲ್ಸಿಗೆ ಹೋದೆವು. ಅಲ್ಲಿ ಜ್ಯೋತ್ಸ್ನಾ ಎಂಬ ಒಳ್ಳೆಯ ಹುಡುಗಿ ಇದ್ದಾಳೆ. "ಕಾಕಾ, ಕುಠೇ ಜಾಯಚಂ?" ಎಂದು ಕೇಳಿದಳು. ಅದೇ ದಾದರ್ ಸ್ಟೇಷನ್ನಿನ ಟಿಕೆಟ್ ಕಿಟಕಿಯಲ್ಲಿ ಮೂವತ್ತನಾಲ್ಕು ವರ್ಷ ಕೂತು ಊರಿಗೆಲ್ಲ ಎಲ್ಲಿಗೆ, ಎಲ್ಲಿಗೆ ಎಂದು ಕೇಳಿದವನು ನಾನು. ನನ್ನನ್ನೇ ಯಾರೋ ಕೇಳಿದ್ದು ಅದೇ ಮೊದಲು. ಉತ್ತರ ಕೊಟ್ಟದ್ದೆಲ್ಲ ನಿಮ್ಮವ್ವ. ಅಂಡಮಾನಿನ ಬಿಳಿ ಮರಳು ತೋರಿಸಿದರೆ ಅಲ್ಲಿ ದೊಡ್ಡ ಹಡಗುಗಳು ಬರುತ್ತವೆಯೇ ಎಂದು ತನ್ನ ಹರಕು ಮರಾಠಿಯಲ್ಲಿ ಕೇಳಿದಳು. ಹೆದರಿದ್ದಾಳೆಂದು ತಿಳಿದ ಜ್ಯೋತ್ಸ್ನಾ, ಈ ಬೀಚಿನಿಂದ ಒಂದು ಹಡಗೂ ಕಾಣುವುದಿಲ್ಲ, ಶಾಂತವಾಗಿರುತ್ತದೆ ಎಂದು ಧೈರ್ಯ ಹೇಳಿದಳು. ಅಂಡಮಾನ್ ಅಲ್ಲಿಗೆ ಮುಗಿಯಿತು. ಲಕ್ಷದ್ವೀಪದಲ್ಲಿ ದಡದ ಹತ್ತಿರ ನೀರು ಮೊಣಕಾಲುದ್ದ ಎಂದ ಕೂಡಲೇ ಅದೂ ಬೇಡವಾಯಿತು. ಮಾಲ್ದೀವ್ಸಿನಲ್ಲಿ ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಕೋಣೆಗಳಿವೆಯಂತೆ. ಆ ಚಿತ್ರ ನೋಡಿ ನನ್ನ ಕಡೆ ತಿರುಗಿ, "ನೀರಮ್ಯಾಲೆ ಮಲಗಾಕ ಮಗಾ ಒಬ್ಬ ಅದಾನಲ್ಲ, ಸಾಕು" ಎಂದಳು. ಕಡೆಗೆ ಮಾರಿಷಸ್ ಹೆಸರು ಬಂತು. ಚಿತ್ರ ಕೂಡ ನೋಡದೆ ಒಪ್ಪಿಕೊಂಡಳು. ಜ್ಯೋತ್ಸ್ನಾ ನಮಗೆ ಎರಡನೇ ಸಲ ಚಹಾ ತರಿಸಿದಳು.

ನಿಮ್ಮವ್ವನ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಆಗ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ಬುತ್ತಿ ಶುರುವಾಯಿತು. ನಮ್ಮ ವಿಜಯಪುರದ ಕಡೆಯವರು ಬುತ್ತಿ ಇಲ್ಲದೆ ಪ್ರಯಾಣ ಹೊರಡುವುದಿಲ್ಲ, ಅದು ಸರಿ. ಆದರೆ ಟಿಕೆಟ್ಟೇ ಬುಕ್ ಆಗಿಲ್ಲ, ಇವಳು ಎಳ್ಳು ಹಚ್ಚಿದ ಖಡಕ್ ಸಜ್ಜೆ ರೊಟ್ಟಿ ಬಡಿದು ಬಡಿದು ಕೆಳಗಿನ ಮನೆಯವರು ಯಾರ ಮನೆಯಲ್ಲಿ ರಿಪೇರಿ ನಡೆದಿದೆ ಎಂದು ವಿಚಾರಿಸುವಂತೆ ಮಾಡಿದಳು. ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ ಎಲ್ಲ ಆಯಿತು. ನನ್ನ ಹಲ್ಲಿನ ಸೆಟ್ಟಿಗೂ ಖಡಕ್ ರೊಟ್ಟಿಗೂ ಆಗಿಬರುವುದಿಲ್ಲ. ಅವಳು ಸಜ್ಜೆ ಮುಟ್ಟುವುದಿಲ್ಲ. ಮನೆಯಲ್ಲಿ ಅದನ್ನು ಇಷ್ಟಪಟ್ಟು ತಿನ್ನುತ್ತಿದ್ದವನು ನೀನೊಬ್ಬನೇ.

ಶನಿವಾರ ಸಚಿನ ಹೇಳಿ ಹೋಗಲು ಮನೆಗೆ ಬಂದಿದ್ದ. ಡಬ್ಬಿಗಳನ್ನು ನೋಡಿ, "ಕಾಕೂ, ಚೇತನಗ ಏನರೆ ಕೊಡೂದಿದ್ರ ಕೊಡ್ರಿ, ಬ್ಯಾಗಿನಾಗ ಜಾಗಾ ಐತಿ" ಎಂದ. ಇವಳು ಅವನಿಗೆ ಹೊಟ್ಟೆ ತುಂಬ ಉಣಿಸಿದಳು, ಅವನ ಪಾಲಿಗೆಂದು ಚಟ್ನಿ ಕಟ್ಟಿಕೊಟ್ಟಳು, ಅಡಿಗೆಮನೆಯಲ್ಲಿ ಅವನ ಜೊತೆ ಬಹಳ ಹೊತ್ತು ಮಾತಾಡಿದಳು. ನಿನಗೆಂದು ಒಂದು ರೊಟ್ಟಿಯನ್ನೂ ಕೊಡಲಿಲ್ಲ. ಅವನು ಹೋದ ಮೇಲೆ ಯಾಕೆ ಎಂದು ಕೇಳಿದೆ. "ಬುತ್ತಿ ಕೊಟ್ಟು ಕಳಿಸೂದು ಬ್ಯಾರೆ, ಕೈಯಾರೆ ಉಣಿಸೂದು ಬ್ಯಾರೆ" ಎಂದು ಒಳಗೆ ಹೋದಳು.

ಆಗ ನನಗೆ ಎಲ್ಲ ಅರ್ಥವಾಯಿತು. ರಾಧಿಕಾ ನಿಮ್ಮವ್ವನ ಫೋನಿನಲ್ಲಿ ಹಡಗುಗಳ ನಕ್ಷೆ ಹಾಕಿಕೊಟ್ಟಿದ್ದಾಳೆ. ಅದರಲ್ಲಿ ನಿನ್ನ ಹಡಗು ಒಂದು ಹಸಿರು ಚುಕ್ಕಿ. ಹೋದ ವಾರ ಆ ಚುಕ್ಕಿ ಮಾರಿಷಸ್ಸಿನ ಪಕ್ಕದಲ್ಲಿತ್ತು. ನಿಮ್ಮವ್ವ ಚುಕ್ಕಿಗೂ ದ್ವೀಪಕ್ಕೂ ನಡುವೆ ಬೆರಳಿಟ್ಟು, "ಒಂದು ಬಟ್ಟು ದೂರ ಅಷ್ಟ" ಎಂದು ತನ್ನಷ್ಟಕ್ಕೆ ಹೇಳಿಕೊಂಡದ್ದನ್ನು ನಾನು ಕೇಳಿದ್ದೇನೆ. ದ್ವೀಪದ ದಡದಲ್ಲಿ ನಿಂತರೆ ನೀನು ಹಾಯ್ದು ಹೋಗುತ್ತೀ, ಹೇಗೋ ಇಳಿದು ಬಂದು ಉಣ್ಣುತ್ತೀ ಎಂದು ಅವಳ ಲೆಕ್ಕ. ಆ ಒಂದು ಬೆರಳು ಸಮುದ್ರದಲ್ಲಿ ನೂರಾರು ಕಿಲೋಮೀಟರು, ಹೊರಟ ಹಡಗು ಯಾರ ತಾಯಿಗೂ ನಿಲ್ಲುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ನಿನ್ನನ್ನು ನೋಡದೆ ಹತ್ತೊಂಬತ್ತು ತಿಂಗಳಾಯಿತು. ನಾನು ಗಟ್ಟಿ ಮನುಷ್ಯ, ನನಗೆ ತಡೆದುಕೊಳ್ಳಲು ಬರುತ್ತದೆ. ಅವಳಿಗೆ ಬರುವುದಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ. ದುಡಿಯುವ ವಯಸ್ಸು, ದುಡಿ. ಮಾಟುಂಗದ ಗುಡಿಯಲ್ಲಿ ನಿನ್ನ ಹೆಸರಿಗೆ ಅರ್ಚನೆ ಮಾಡಿಸಿದ್ದೇವೆ, ಕುಂಕುಮದ ಪೊಟ್ಟಣ ಸಚಿನನ ಹತ್ತಿರ ಇದೆ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದು ಇಳಿ. ನೀನು ಎಲ್ಲಿದ್ದರೂ ನಿನ್ನ ಕೆಳಗಿನ ನೀರು ತಣ್ಣಗಿರಲಿ.

ನಿನ್ನ ಅಪ್ಪ,
ಬಸವಂತರಾಯ

ಮತ್ತೆ: ಮುಖ್ಯವಾದದ್ದೇ ಉಳಿಯಿತು. ಮಾರಿಷಸ್ ಇನ್ನೂ ಬುಕ್ ಮಾಡಿಸಿಲ್ಲ, ಪಾಸ್‌ಪೋರ್ಟಿನ ನೆಪ ಹೇಳಿ ತಡೆದಿದ್ದೇನೆ. ನಿನ್ನ ಹಡಗು ನಿಜವಾಗಿ ನಿಲ್ಲುವ, ನೀನು ನಿಜವಾಗಿ ಇಳಿಯಬಹುದಾದ ಒಂದು ಬಂದರಿನ ಹೆಸರು ತಿಳಿಸು. ದ್ವೀಪ ಆಗದಿದ್ದರೂ ಸರಿ, ಬರೀ ಕಲ್ಲಿದ್ದಲಿನ ಧೂಳಾದರೂ ಸರಿ, ನಿಮ್ಮವ್ವನನ್ನು ಕರೆದುಕೊಂಡು ಬರುತ್ತೇನೆ. ಅವಳಿಗೆ ಮಾತ್ರ ನಾನು ಬರೆದದ್ದು ಗೊತ್ತಾಗದಿರಲಿ.

ಚೇತನಾ, ನಾನಪ್ಪಾ, ನಿಮ್ಮವ್ವ. ಇವರು ಲಕೋಟಿಗೆ ಹಚ್ಚಾಕ ಗೋಂದು ತರತೀನಂತ ಕೆಳಗ ಅಂಗಡಿಗೆ ಹೋಗ್ಯಾರ. ಕಾಗದಾ ಮೇಜಿನಮ್ಯಾಲೆ ಬಿಟ್ಟು ಅದರ ಮ್ಯಾಲೆ ಚಷ್ಮಾನೂ ಇಟ್ಟಾರ, ಓದು ಅಂದಂಗನಽ ಆತು. ನಕಾಶೆದಾಗ ಒಂದು ಬಟ್ಟು ಅಂದ್ರ ಎಷ್ಟು ದೂರ ಅಂತ ರಾಧಿಕಾ ಮೊದಲನೇ ದಿನಾನಽ ಹೇಳ್ಯಾಳ. ಇವರಿಗೆ ಕೇಳಲಿ ಅಂತಽ ಹಂಗ ಅಂದಿದ್ದೆ. ಬುತ್ತಿ ಸಚಿನನ ಕೈಯಾಗ ಕೊಟ್ಟಿದ್ರ ನಿನಗ ಮುಟ್ಟತಿತ್ತು, ಖರೆ. ಆದ್ರ ಇವರು ಮುಟ್ಟಿತಲ್ಲಾ ಅಂತ ಸುಮ್ಮನ ಕುಂತಬಿಡತಿದ್ರು, ಮನಿ ಬಿಟ್ಟು ಏಳತಿರಲಿಲ್ಲ. ಡಾಕ್ಟರು ನಡೀರಿ ಅಂದದ್ದು ನಮ್ಮ ಬಿಲ್ಡಿಂಗಿನ ಗಾರ್ಡನ್‌ದಾಗ. ಇವರು ಬಸ್ಸು ಹತ್ತಿ ಅಕ್ಸಾಕ್ಕ ಹೋಗಿ, ನಡೀಯೂದೂ ಇಲ್ಲ ಏನೂ ಇಲ್ಲ, ದೂರ ಹೊಂಟ ಹಡಗಾ ನೋಡಕೋತ ನಿಂದರತಾರ. ಒಂದಿನಾ ಹಿಂದಿಂದ ಹೋಗಿ ನೋಡೀನಿ. ಕೇಳಿದ್ರ ಗಟ್ಟಿ ಮನಶ್ಯಾ ಅಂತಾರ. ಹಡಗಾ ಮುಂದಿನ ತಿಂಗಳಾ ಸಿಂಗಾಪುರದಾಗ ಎರಡು ದಿನಾ ನಿಂದರತೈತಿ, ನೀ ದಂಡಿಗೆ ಇಳೀಬಹುದು ಅಂತ ಸಚಿನ ಹೇಳ್ಯಾನ. ಸಿಂಗಾಪುರನೂ ದ್ವೀಪನಽ ಅಂತಲ್ಲಾ. ತಾರೀಖು ಅಪ್ಪಗ ಬರಿ, ನನಗ ಬ್ಯಾಡ. ನನ್ನ ಸಲುವಾಗಿ ತಾವಽ ಹುಡುಕಿದ್ರು ಅಂತ ಆಗಲಿ. ಇಷ್ಟು ದಿನಾ ಮಂದಿ ಮಕ್ಕಳ ಹಡಗಾ ನೋಡ್ಯಾರ. ಒಮ್ಮೆರೆ ತಮ್ಮ ಮಗನ ಹಡಗಾ ನೋಡಲಿ.