ಕ್ರೇನ್ ಕೆಟ್ಟಿರಲಿಲ್ಲ

ಮೇಸ್ತ್ರಿ ಅಣ್ಣನವರಿಗೆ ನಮಸ್ಕಾರ.

ನಿಮಗೆ ಧನ್ಯವಾದ ಹೇಳಬೇಕೋ, ಜಗಳ ಆಡಬೇಕೋ ತಿಳಿಯುತ್ತಿಲ್ಲ. ನಿನ್ನೆ ನನ್ನ ಕ್ರೇನಿನಲ್ಲಿ ಕಬ್ಬಿಣದ ತೊಲೆ ತೂಗುತ್ತಿದ್ದಾಗ ನೀವು ವಾಕಿಟಾಕಿಯಲ್ಲಿ "ಇಳಿಸಮ್ಮಾ!" ಎಂದಿರಿ. "ಎರಡರಲ್ಲಿ ಯಾವುದನ್ನ ಅಣ್ಣಾ?" ಎಂದೆ. ನನ್ನ ಕಣ್ಣಿಗೆ ಎರಡು ತೊಲೆ ಕಾಣುತ್ತಿದ್ದವು, ಇದ್ದದ್ದು ಒಂದೇ. ಸಕ್ಕರೆ ಕಾಯಿಲೆಯವಳು ನಾನು; ರಕ್ತದಲ್ಲಿ ಸಕ್ಕರೆ ಇಳಿದಿದೆ ಎಂದು ಆಗ ಹೊಳೆಯಿತು. ಬ್ರೇಕ್ ಹಾಕಿ, ಗ್ಲೂಕೋಸ್ ಬಾಯಿಗೆ ಸುರಿದುಕೊಂಡೆ.

ಸುಧಾರಿಸಿಕೊಂಡು ಇಳಿದು ಬಂದಾಗ ನೀವು ಇಂಜಿನಿಯರಿಗೆ, "ಕ್ರೇನ್ ಕೈಕೊಡ್ತು ಸಾರ್" ಎನ್ನುತ್ತಿದ್ದಿರಿ. ನನ್ನ ಕೆಲಸ ಉಳಿಸಲೆಂದೇ ಹೇಳಿದಿರಿ, ಗೊತ್ತು. ಆದರೆ ಮೆಕ್ಯಾನಿಕ್ ಬೆಳಗಿನಿಂದ ಚೆನ್ನಾಗಿರುವ ಯಂತ್ರವನ್ನು ಬಿಚ್ಚಿಟ್ಟುಕೊಂಡು ತಲೆ ಕೆರೆದುಕೊಳ್ಳುತ್ತಿದ್ದಾನೆ. ಪಾಪ, ಅವನನ್ನು ನಿಲ್ಲಿಸಿ.

ನಿಜವನ್ನು ನಾನೇ ಹೇಳುತ್ತೇನೆ. ನಾನು ಮತ್ತೆ ಕ್ರೇನ್ ಹತ್ತಲು ಡಾಕ್ಟರು ಒಪ್ಪುವವರೆಗೆ ನೆಲದ ಮೇಲೆ ಏನಾದರೂ ಕೆಲಸ ಕೊಡಿಸಿ. ಕೊಡುತ್ತಾರೋ, ಮನೆಗೆ ಕಳಿಸುತ್ತಾರೋ, ಒಂದೂ ಗೊತ್ತಾಗುತ್ತಿಲ್ಲ. ಇಂಜಿನಿಯರ ಕೋಣೆಗೆ ನೀವೂ ಜೊತೆಗೆ ಬರುತ್ತೀರಾ? ಬಾರದಿದ್ದರೂ ಹೋಗುತ್ತೇನೆ. ಬಂದರೆ ಧೈರ್ಯ.

ನಿಮ್ಮ,
ಕ್ರೇನಮ್ಮ